ರೂಡೆಲ್ ತೆಗೆಯಗೊಡದ ಪೆಟ್ಟಿಗೆ

ರೂಡೆಲ್ ಪೆಟ್‌ವೇ ನಮ್ಮ ಶಾಲೆಯ ಅಂಗಳಕ್ಕೆ ಮೊದಲ ಸಲ ಬಂದದ್ದು ಶವದ ಗಾಡಿಯಲ್ಲಿ. ಹಿರಿಯ ತರಗತಿಯ ಮಕ್ಕಳಿಗೆ ಪ್ರಮಾಣಪತ್ರ ಕೊಡುವ ದಿನ ಅದು. ಬಂದವರನ್ನು ಕೂರಿಸಲು ಕುರ್ಚಿಗಳು ಸಾಲದಾಗಿದ್ದವು. ನಮ್ಮೂರು ಕೇನ್ ಬೆಂಡ್‌ನಲ್ಲಿ ಮದುವೆಯಾಗಲಿ, ಸಭೆಯಾಗಲಿ, ಕುರ್ಚಿ ಬೇಕಾದರೆ ಹೆಣದ ಪೆಟ್ಟಿಗೆ ಮಾರಿ ಮಣ್ಣಿನ ಕಾರ್ಯ ಮಾಡಿಸುವ ಬ್ಲೆವಿನ್ಸ್ ಅವರ ಮನೆಗೆ ಹೇಳಿಕಳುಹಿಸುವುದೇ ವಾಡಿಕೆ. ಒಂದೊಂದು ಕುರ್ಚಿಯ ಬೆನ್ನಿನ ಮೇಲೂ ಅವರ ಹೆಸರು ಬರೆದಿರುತ್ತದೆ.

ಉದ್ದನೆಯ ಕಪ್ಪು ಗಾಡಿ ಗೇಟಿನೊಳಗೆ ತಿರುಗಿದ್ದೇ ತಡ, ಆಡುತ್ತಿದ್ದ ಮಕ್ಕಳೆಲ್ಲ ನಿಂತಲ್ಲೇ ನಿಂತರು. ಒಬ್ಬಳು ಮೆಲ್ಲಗೆ, "ಯಾರು ಹೋದ್ರು?" ಎಂದು ಕೇಳಿದಳು. ಗಾಡಿಯಿಂದ ಸ್ವಲ್ಪ ಬೆನ್ನು ಬಾಗಿದ ಎತ್ತರದ ಮನುಷ್ಯನೊಬ್ಬ ಇಳಿದನು. ಟೋಪಿ ಸರಿಪಡಿಸಿಕೊಂಡು, ಬಿಳಿಯ ಕೈಗವಸು ಎಳೆದುಕೊಂಡು, ಹಿಂದಿನ ಬಾಗಿಲನ್ನು ಬಹಳ ಮರ್ಯಾದೆಯಿಂದ ತೆರೆದು, ಒಳಗಿನಿಂದ ಮಡಿಸುವ ಕುರ್ಚಿಗಳನ್ನು ಒಂದೊಂದಾಗಿ ಇಳಿಸತೊಡಗಿದನು. ಮಕ್ಕಳಲ್ಲಿ ಒಬ್ಬರೂ ಹತ್ತಿರ ಬರಲಿಲ್ಲ. ಆಗ ಅವನೇ ಒಂದು ಕುರ್ಚಿಯನ್ನು ಬಿಚ್ಚಿ, ಅದರಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಮತ್ತೆ ಎದ್ದು ನಿಂತನು.

"ನೋಡಿದ್ರಲ್ಲ, ಕೂತೋರು ಎದ್ದೇಳ್ತಾರೆ," ಎಂದನು. "ಮಲಗಿದೋರ ಜವಾಬ್ದಾರಿ ಮಾತ್ರ ನಂದು."

ಆಗ ಅವನಿಗೆ ಐವತ್ತರ ಆಸುಪಾಸು. ಮೀಸೆ ಸರಿಯಾಗಿ ಮೂಡುವ ಮೊದಲೇ ಬ್ಲೆವಿನ್ಸರ ಮನೆಗೆ ಕೆಲಸಕ್ಕೆ ಸೇರಿದವನು. ದುಃಖದಲ್ಲಿರುವವರ ಎದುರು ಬದುಕೆಲ್ಲ ನಿಂತು ಅವನಿಗೆ ಇಲ್ಲ ಎನ್ನುವ ಮಾತೇ ಮರೆತುಹೋಗಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸು ಬಿರುಬಿಸಿಲಿನಲ್ಲಿ ನಿಂತು ಮಳೆ ಬರುತ್ತಿದೆ ಎಂದರೂ, "ಹೌದಮ್ಮ" ಎಂದು ಕೊಡೆ ಬಿಚ್ಚುವ ಮನುಷ್ಯ. "ಆಗಲಿ ಅಮ್ಮ", "ಆಗಲಿ ಸಾರ್" ಎಂಬ ಮಾತುಗಳು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ಅವನ ಕೈಯೂ ಹಾಗೆಯೇ ಪಳಗಿತ್ತು. ಯಾರಾದರೂ ಗಾಡಿಯ ಹಿಂಬದಿಗೆ ನಡೆದರೆ ಸಾಕು, ಅವರು ಯಾರು, ಏಕೆ ಬಂದರು ಎಂದು ತಲೆ ಯೋಚಿಸುವ ಮೊದಲೇ ಕೈ ಹೋಗಿ ಬಾಗಿಲು ತೆರೆದುಬಿಡುತ್ತಿತ್ತು.

ನಮ್ಮ ಕಡೆಯ ಜನರಲ್ಲಿ ಅನೇಕರು ಹರೆಯದಲ್ಲೇ ಅಲಬಾಮಾ ಬಿಟ್ಟು ಷಿಕಾಗೊ, ಡೆಟ್ರಾಯಿಟ್‌ಗಳಿಗೆ ಕೆಲಸ ಹುಡುಕಿಕೊಂಡು ಹೋದವರು. ಬಾಳನ್ನೆಲ್ಲ ಅಲ್ಲಿ ಕಳೆದರೂ, ಮಣ್ಣಿಗೆ ಹೋಗುವಾಗ ಊರಿನ ಚರ್ಚಿನ ಹಿಂದಿನ ಕೆಂಪು ಮಣ್ಣೇ ಬೇಕು ಎನ್ನುತ್ತಾರೆ. ಅಂಥವರನ್ನು ಹೋಗಿ ಕರೆತರುವುದು ರೂಡೆಲ್‌ನ ಕೆಲಸ. ಅವನು ಎಂದೂ "ಹೆಣ ತರೋಕೆ ಹೋಗ್ತೀನಿ" ಎಂದವನಲ್ಲ. "ಮಿಸ್ ಇಂಥೋರನ್ನ ಕರ್ಕೊಂಡ್ ಬರ್ತೀನಿ" ಎನ್ನುತ್ತಿದ್ದನು.

ಆ ವರ್ಷಗಳಲ್ಲಿ ದಾರಿಯುದ್ದಕ್ಕೂ ಪೊಲೀಸರ ಕಾಟವಿತ್ತು. ಕಪ್ಪು ಮುಖದವನು ದೂರದ ಊರಿನಿಂದ ದೊಡ್ಡ ಗಾಡಿ ಓಡಿಸಿಕೊಂಡು ಬಂದರೆ, ಅದರಲ್ಲಿ ಮಾದಕ ಮಾಲು ಇದ್ದೇ ಇರಬೇಕೆಂಬ ಲೆಕ್ಕ. ದೀಪದ ಗಾಜು ಬಿರುಕು ಬಿಟ್ಟಿದೆ, ಚಕ್ರ ಬಿಳಿಗೆರೆ ಮುಟ್ಟಿತು ಎಂದು ಏನಾದರೊಂದು ನೆಪ ಹೇಳಿ ನಿಲ್ಲಿಸುವುದು, ಕಾಗದ ನೋಡುವುದು, ಆಮೇಲೆ ನಯವಾಗಿ, "ಗಾಡಿ ಒಳಗೆ ಸ್ವಲ್ಪ ನೋಡ್ಲಾ?" ಎಂದು ಕೇಳುವುದು. ಜನರು ಹೆದರಿಕೆಗೋ ದಾಕ್ಷಿಣ್ಯಕ್ಕೋ ಹೂಂ ಎನ್ನುತ್ತಿದ್ದರು. ರೂಡೆಲ್ ಅಂತೂ ಯಾವಾಗಲೂ "ಆಗಲಿ ಸಾರ್". ಒಮ್ಮೆ ಖಾಲಿ ಗಾಡಿಯಲ್ಲಿ ಬರುತ್ತಿದ್ದಾಗ ಹಾಗೆ ಹೇಳಿದ್ದಕ್ಕೆ, ಒಳಗಿನ ಹಾಸನ್ನೆಲ್ಲ ಕಿತ್ತು, ಪರದೆಗಳನ್ನು ಹರಿದು, ಏನೂ ಸಿಗದಿದ್ದಾಗ ಎಲ್ಲವನ್ನೂ ಕೆಸರಿನಲ್ಲಿ ಬಿಟ್ಟು ಹೋಗಿದ್ದರು. ಅವನು ಒಬ್ಬನೇ ಕುಳಿತು ಒಂದೊಂದಾಗಿ ಎತ್ತಿಟ್ಟುಕೊಂಡು ಬಂದಿದ್ದನು.

ಇಂಥ ಕಥೆ ಊರಿನಲ್ಲಿ ಮನೆಗೊಂದು ಇದ್ದಿತು. ಅದಕ್ಕೇ, ರೂಡೆಲ್ ಶಾಲೆಗೆ ಕುರ್ಚಿ ತಂದ ವರ್ಷದ ಚಳಿಗಾಲದಲ್ಲಿ ನಮ್ಮ ಪಾಸ್ಟರ್ ಒಬ್ಬ ವಕೀಲೆಯನ್ನು ಕರೆಸಿ, ಭಾನುವಾರದ ಪ್ರಾರ್ಥನೆಯಾದ ಮೇಲೆ ಎಲ್ಲರನ್ನೂ ಕೂರಿಸಿದರು.

"ಅವರು ಯಾಕೆ ಕೇಳ್ತಾರೆ ಗೊತ್ತಾ?" ಎಂದಳು ಆ ವಕೀಲೆ. "ಕೇಳ್ದೆ ತೆಗೆಯೋ ಹಕ್ಕು ಅವರಿಗಿಲ್ಲ, ಅದಕ್ಕೆ. ಹಕ್ಕಿದ್ದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ರು? ಕೇಳಿದ ಕಾಗದ ಕೊಡಿ. ಕೈ ಕಾಣೋ ಹಾಗೆ ಇಟ್ಕೊಳ್ಳಿ. ಜಗಳ ಬೇಡ, ಅಡ್ಡ ಹೋಗೋದು ಬೇಡ. ಬಾಯಲ್ಲಿ ಮಾತ್ರ ಹೇಳಿ, ತಪಾಸಣೆಗೆ ನನ್ನ ಒಪ್ಪಿಗೆ ಇಲ್ಲ ಸಾರ್ ಅಂತ. ಮೊದ್ಲು ಹೂಂ ಅಂದುಬಿಟ್ಟಿದ್ರೂ, ಮಧ್ಯದಲ್ಲಿ ಬೇಡ ಅನ್ನಬಹುದು. ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು."

ಪ್ರಾರ್ಥನೆಯಲ್ಲಿ ಪಾಸ್ಟರಿಗೆ ಮಾರುತ್ತರ ಕೊಡುವ ಹಾಗೆಯೇ ಜನರೆಲ್ಲ ಒಂದೇ ದನಿಯಲ್ಲಿ, "ನನ್ನ ಒಪ್ಪಿಗೆ ಇಲ್ಲ ಸಾರ್" ಎಂದರು. ಆಮೇಲೆ ಚರ್ಚಿನ ಹಿರಿಯ ಲೂಶಿಯಸ್ ಪೊಲೀಸನ ವೇಷದಲ್ಲಿ ಟಾರ್ಚು ಹಿಡಿದು ಬೆಂಚಿನಿಂದ ಬೆಂಚಿಗೆ ಬಂದನು.

"ಏನಮ್ಮ, ನಿನ್ನ ಗಾಡಿ ನೋಡ್ಬಹುದಾ?" ಎಂದು ಮುದುಕಿ ಹ್ಯಾಟಿಯನ್ನು ಕೇಳಿದನು.

"ನನ್ನ ಒಪ್ಪಿಗೆ ಇಲ್ಲ. ಮೊದ್ಲು ನಿನ್ನ ಅಂಗಿ ಗುಂಡಿ ಹಾಕ್ಕೋ, ಲೂಶಿಯಸ್," ಎಂದಳು ಹ್ಯಾಟಿ.

ರೂಡೆಲ್‌ನ ಸರದಿ ಬಂದಿತು. "ಸ್ವಲ್ಪ ನೋಡ್ಲಾ?"

"ಆಗಲಿ ಸಾರ್."

ಚರ್ಚೆಲ್ಲ ನಕ್ಕಿತು. ಎರಡನೆಯ ಸಲವೂ ಅದೇ ಮಾತು ಬಂದಿತು. ಮೂರನೆಯ ಸಲ ಅವನು ಬಾಯಿ ತೆರೆದು, ತಡವರಿಸಿ, ಮತ್ತೆ ಅದನ್ನೇ ಹೇಳಿದನು. ಹಿಂದಿನ ಸಾಲಿನಲ್ಲಿದ್ದ ವರ್ಲೀನ್ ಟಾರ್ವರ್, "ಬಿಡಿ ಪಾಸ್ಟರ್, ಬ್ರದರ್ ರೂಡೆಲ್ ಪೊಲೀಸ್ನೋರಿಗೆ ಬಾಗ್ಲೂ ತೆಗೀತಾರೆ, ಕೂರೋಕೆ ಕುರ್ಚೀನೂ ಹಾಕ್ತಾರೆ," ಎಂದಳು. ರೂಡೆಲ್ ಎಲ್ಲರ ಜೊತೆ ತಾನೂ ನಕ್ಕನು. ಮನೆಗೆ ನಡೆಯುವಾಗ ಮಾತ್ರ ಅವನು ನಗುತ್ತಿರಲಿಲ್ಲ.

ಬೇಸಿಗೆ ಹುಟ್ಟುವ ಹೊತ್ತಿಗೆ ವರ್ಲೀನಳ ಅಕ್ಕ ಓಝೆಲ್ಲಾ ಷಿಕಾಗೊದಲ್ಲಿ ತೀರಿಕೊಂಡಳು. ವರ್ಲೀನ್ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ತಲೆಗೂದಲು ಸಿಂಗರಿಸುವ ಅಂಗಡಿ ಇಟ್ಟವಳು. ಊರಿನಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸಲ ತಲೆ ಬಾಚುವವಳು ಅವಳೇ. ನಮ್ಮಲ್ಲಿ ಅದನ್ನು ಅನ್ಯರ ಕೈಗೆ ಕೊಡುವುದಿಲ್ಲ. ಬದುಕಿದ್ದಾಗ ಯಾರ ಕೈಗೆ ತಲೆ ಕೊಟ್ಟಿದ್ದಳೋ ಅವರೇ ಸತ್ತಾಗಲೂ ಮುಟ್ಟಬೇಕು. ಅವಳು ರೂಡೆಲ್‌ನ ಜೊತೆ ತಾನೂ ಹೊರಟಳು.

ಓಝೆಲ್ಲಾಳ ಕಾಯಿಲೆ ಅವಳ ಕೂದಲನ್ನೆಲ್ಲ ತಿಂದುಹಾಕಿತ್ತು. ಕಸ ಚೆಲ್ಲಲು ಬಾಗಿಲಿಗೆ ಬಂದರೂ ತಲೆ ಬಾಚಿಕೊಂಡೇ ಬರುತ್ತಿದ್ದ ಹೆಂಗಸು ಅವಳು. ಕೊನೆಯ ತಿಂಗಳುಗಳಲ್ಲಿ ಗಂಡಸರು ಯಾರೂ ಕೋಣೆಗೆ ಬರಕೂಡದೆಂದು, ಅಲ್ಲಿನ ಪಾಸ್ಟರನ್ನು ಸಹ ಬಾಗಿಲಾಚೆ ನಿಲ್ಲಿಸಿ ಪ್ರಾರ್ಥನೆ ಮಾಡಿಸಿಕೊಂಡಿದ್ದಳಂತೆ. ವರ್ಲೀನ್ ಅವಳ ಪಟಗಳನ್ನು ನೋಡಿಕೊಂಡು ಒಂದು ಕೃತಕ ಕೂದಲನ್ನು ಸಿಂಗರಿಸಿ, ಗುಂಡನೆಯ ಟೋಪಿಡಬ್ಬಿಯಲ್ಲಿಟ್ಟುಕೊಂಡಿದ್ದಳು. ಷಿಕಾಗೊದ ಅವಸರದಲ್ಲಿ ಅದನ್ನು ಕೂರಿಸಲು ಅವಳ ಮನಸ್ಸು ಒಪ್ಪಲಿಲ್ಲ. ಊರಿಗೆ ಹೋಗಿ, ತನ್ನ ಅಂಗಡಿಯ ಕಿಟಕಿಯ ಬೆಳಕಿನಲ್ಲಿ, ನಿಧಾನವಾಗಿ ಕೂರಿಸಬೇಕು. ಅಲ್ಲಿಯವರೆಗೆ ಅಕ್ಕನ ತಲೆಗೆ ಬರಿಯ ಬಿಳಿಯ ಬಟ್ಟೆ.

ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲೆ ಅವಳು ರೂಡೆಲ್‌ನ ತೋಳು ಹಿಡಿದಳು.

"ಬ್ರದರ್ ರೂಡೆಲ್, ನಾನು ಅವಳ ತಲೆ ಸರಿ ಮಾಡೋವರ್ಗೂ ಇದನ್ನ ಯಾವ ಗಂಡಸೂ ತೆಗೀಬಾರ್ದು. ನೀವೂ ಸಹ. ಅವಳಿಗೆ ಮಾತು ಕೊಟ್ಟಿದೀನಿ."

"ಆಗಲಿ ಮಿಸ್ ವರ್ಲೀನ್," ಎಂದನು ರೂಡೆಲ್.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರು ದೊಡ್ಡ ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿದಿದ್ದರು. ಎರಡು ಬದಿಯೂ ಸೋಯಾ ಹೊಲ. ಸಂಜೆಗೆ ಚರ್ಚಿನಲ್ಲಿ ಮುಖದರ್ಶನ. ಅದಕ್ಕೆ ಮೊದಲು ವರ್ಲೀನಳ ಕೆಲಸ ಮುಗಿಯಬೇಕು. ಗಾಡಿಯ ಮುಂದೀಪಗಳು ಹಗಲಿನಲ್ಲೂ ಉರಿಯುತ್ತಿದ್ದವು. ಒಳಗೆ ಪೆಟ್ಟಿಗೆ ಇರುವಷ್ಟು ಕಾಲ ದೀಪ ಆರಿಸಬಾರದೆಂಬುದು ಬ್ಲೆವಿನ್ಸರ ಮನೆಯ ಪದ್ಧತಿ. ಅಲಬಾಮಾದ ಗಡಿ ಇನ್ನೂ ಬಂದಿರಲಿಲ್ಲ. ಆ ಜಿಲ್ಲೆಯ ಹೆಸರು ಇಲ್ಲಿ ಬೇಡ.

ಹಿಂದೆ ನೀಲಿ ದೀಪ ಮಿಂಚಿತು.

ಬಂದವನು ಎಳೆಯ ವಯಸ್ಸಿನ ಬಿಳಿಯ ಪೊಲೀಸ್. ಕೊರಳು ಬಿಸಿಲಿಗೆ ಕೆಂಪಾಗಿತ್ತು. ಚಕ್ರ ಅಂಚಿನ ಗೆರೆ ಮುಟ್ಟಿತೆಂದು ಹೇಳಿ, ರೂಡೆಲ್‌ನನ್ನು ಕೆಳಗಿಳಿಸಿ, ಲೈಸೆನ್ಸು ನೋಡಿದನು. ಶವ ಸಾಗಿಸುವ ಪರವಾನಗಿಯನ್ನೂ ನೋಡಿದನು. ಎಲ್ಲವೂ ಸರಿಯಾಗಿತ್ತು. ಕಾಗದಗಳನ್ನು ಹಿಂದಕ್ಕೆ ಕೊಟ್ಟು, "ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತಿದೀನಿ," ಎಂದನು. ರೂಡೆಲ್‌ಗೆ ಉಸಿರು ಬಂದಿತು.

"ಒಂದ್ನಿಮಿಷ," ಎಂದನು ಪೊಲೀಸ್. "ಷಿಕಾಗೊದಿಂದ ಬರ್ತಿದೀಯ ಅಲ್ವಾ? ಅಲ್ಲಿಂದ ಏನೇನೋ ಸಾಗಿಸ್ತಾರೆ. ಹೆಣದ ಪೆಟ್ಟಿಗೇಲೂ ಸಾಗಿಸ್ತಾರೆ. ನಿನ್ನತ್ರ ಹಂಗೇನೂ ಇಲ್ಲ ತಾನೆ?"

"ಇಲ್ಲ ಸಾರ್. ಮಿಸ್ ಓಝೆಲ್ಲಾ ಟಾರ್ವರ್ ಇದಾರೆ, ಅಷ್ಟೆ."

"ಹಂಗಾದ್ರೆ ನಾನು ನೋಡಿದ್ರೆ ನಿಂಗೇನೂ ತೊಂದ್ರೆ ಇರಲ್ಲ."

ಹೀಗೆಂದವನೇ ಉತ್ತರಕ್ಕೆ ಕಾಯದೆ ಗಾಡಿಯ ಹಿಂಬದಿಗೆ ನಡೆದನು. ರೂಡೆಲ್ ಅವನ ಹಿಂದೆ ಹೆಜ್ಜೆ ಹಾಕಿದನು. ತಾನು ಏನು ಮಾಡುತ್ತಿದ್ದೇನೆಂಬುದು ಅವನಿಗೆ ತಿಳಿದದ್ದು ಮಾಡಿ ಮುಗಿಸಿದ ಮೇಲೆ. ಹಿಡಿಯ ಮೇಲೆ ಅವನದೇ ಬಿಳಿಯ ಕೈಗವಸು ಇದ್ದಿತು. ಬಾಗಿಲು ಅಗಲವಾಗಿ ತೆರೆದಿತ್ತು. ಅಷ್ಟು ಸಾಲದೆಂಬಂತೆ ಅವನು ಒಂದು ಹೆಜ್ಜೆ ಹಿಂದೆ ಸರಿದು ಬೆನ್ನನ್ನೂ ಬಾಗಿಸಿದ್ದನು.

"ಥ್ಯಾಂಕ್ಸ್," ಎಂದನು ಪೊಲೀಸ್. ಒಳಗೆ ಬಗ್ಗಿ, ಪೆಟ್ಟಿಗೆಯ ಬದಿಯ ಮೇಲೆ ಕೈಯಾಡಿಸಿದನು. "ಇದರ ಬೀಗ ತೆಗೆಯೋ ಕೀಲಿ ಎಲ್ಲಿ?"

ಮುಂದಿನ ಸೀಟಿನಲ್ಲಿ ವರ್ಲೀನ್ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತಿದ್ದಳು. ತೊಡೆಯ ಮೇಲಿನ ಡಬ್ಬಿಯನ್ನು ಎರಡು ಕೈಗಳಿಂದ ಅಪ್ಪಿಕೊಂಡಿದ್ದಳು. ಅವಳು ರೂಡೆಲ್‌ನನ್ನೇ ನೋಡುತ್ತಿದ್ದಳು.

ಕೀಲಿ ರೂಡೆಲ್‌ನ ಕೋಟಿನ ಜೇಬಿನಲ್ಲಿತ್ತು. ಕೊಟ್ಟರೆ ಗಳಿಗೆಯಲ್ಲಿ ಮುಗಿಯುತ್ತಿತ್ತು. ಈ ಹುಡುಗ ಬಟ್ಟೆ ಸರಿಸಿ, ಓಝೆಲ್ಲಾಳ ಬೋಳುತಲೆಯನ್ನು ನೋಡಿ, ದಿಂಬಿನ ಕೆಳಗೆ ಕೈ ಹಾಕಿ, ಮುಚ್ಚಳ ಹಾಕಿ ಹೋಗಿಬಿಡುತ್ತಿದ್ದನು. ಕೊಡದಿದ್ದರೆ ಏನಾಗುವುದೆಂದು ಹೇಳುವಂತಿರಲಿಲ್ಲ. ರಸ್ತೆಯ ಬದಿಯಲ್ಲಿ ಪೊಲೀಸರು ಜನರನ್ನು ಬೋರಲು ಮಲಗಿಸಿದ್ದನ್ನು ಅವನು ಕಂಡಿದ್ದನು. ಹಾಗೆ ಮಲಗಿದವರಲ್ಲಿ ಒಬ್ಬನನ್ನು ಆಮೇಲೆ ಅವನೇ ಇದೇ ಗಾಡಿಯಲ್ಲಿ ಕರೆತಂದಿದ್ದನು.

"ಸಾರ್," ಎಂದನು ರೂಡೆಲ್. ಎರಡು ಕೈಗಳನ್ನೂ ಎದೆಯ ಎತ್ತರಕ್ಕೆ ಅಂಗೈ ಕಾಣುವಂತೆ ಎತ್ತಿದನು. "ಸಾರ್, ಬಾಗ್ಲು ತೆಗ್ದಿದ್ದು ನನ್ನ ಕೈ ಅಭ್ಯಾಸ. ಯಾರು ಹಿಂದೆ ಬಂದ್ರೂ ತೆಗೀತೀನಿ. ತಪಾಸಣೆಗೆ ನನ್ನ ಒಪ್ಪಿಗೆ ಇಲ್ಲ."

ಪೊಲೀಸ್ ತಲೆ ಹೊರಗೆ ತೆಗೆದನು. "ಏನಂದೆ?"

"ಒಪ್ಪಿಗೆ ಇಲ್ಲ ಅಂದೆ ಸಾರ್."

"ನೀನೇ ತೆಗ್ದುಕೊಟ್ಟೆ."

"ತೆಗ್ದೆ. ಈಗ ಬೇಡ ಅಂತಿದೀನಿ. ದಯವಿಟ್ಟು ಕೈ ಆಚೆ ತಗೊಳ್ಳಿ ಸಾರ್. ಅವರು ಹೆಂಗಸು."

ಹೊಲದಲ್ಲಿ ಎಲ್ಲೋ ನೀರಿನ ಪಂಪು ಓಡುತ್ತಿತ್ತು. ಪೊಲೀಸನ ಕೈ ಸೊಂಟದ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಮುಚ್ಚಿಡೋಕೆ ಏನೂ ಇಲ್ದೋರು ಬೇಡ ಅನ್ನಲ್ಲ," ಎಂದನು.

"ಮುಚ್ಚಿಡೋದು ಇದೆ ಸಾರ್. ತಪ್ಪು ಏನೂ ಇಲ್ಲ. ಮುಚ್ಚಿಡೋದು ಮಾತ್ರ ಇದೆ."

ಪೊಲೀಸ್ ವರ್ಲೀನಳ ಕಿಟಕಿಗೆ ಹೋದನು. "ಆ ಡಬ್ಬೀಲಿ ಏನಿದೆ?"

"ನಮ್ಮಕ್ಕನ ಕೂದ್ಲು."

"ಏನು?"

"ಕೂದ್ಲು. ಮತ್ತೆ ನನ್ನ ಒಪ್ಪಿಗೇನೂ ಇಲ್ಲ."

ಅವನ ಕೆಂಪು ಕೊರಳು ಇನ್ನೂ ಕೆಂಪಾಯಿತು. ಇಂಜಿನ್ ಆರಿಸಿ, ಗಾಡಿಯ ಕೀಲಿಯನ್ನು ಮೇಲ್ಛಾವಣಿಯ ಮೇಲಿಡಿಸಿ, ಇಬ್ಬರನ್ನೂ ಹುಲ್ಲಿನ ಅಂಚಿನಲ್ಲಿ ನಿಲ್ಲಿಸಿದನು. "ಸರಿ. ಮಾಲು ಮೂಸೋ ನಾಯಿ ಕರೆಸ್ತೀನಿ. ಅದು ಮೂಸಿ ತೋರ್ಸಿದ್ರೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಅದು ಪಕ್ಕದ ಊರಿಂದ ಬರ್ಬೇಕು. ಬರೋವರ್ಗೂ ಇಲ್ಲೇ ನಿಂತಿರಿ," ಎಂದು ಹೇಳಿ ತನ್ನ ಕಾರಿಗೆ ಹೋಗಿ ರೇಡಿಯೊದಲ್ಲಿ ಮಾತನಾಡತೊಡಗಿದನು.

ಬಿಸಿಲು ನೆತ್ತಿಯ ಮೇಲಿತ್ತು. ಮುಂದೀಪಗಳು ಆರದಿದ್ದರೂ ಇಂಜಿನ್ನಿನ ಜೊತೆ ಒಳಗಿನ ತಂಪುಗಾಳಿ ನಿಂತು, ಗಾಡಿಯ ಕಪ್ಪು ತಗಡು ಕಾಯತೊಡಗಿತು. ವರ್ಲೀನ್ ಅದನ್ನೇ ನೋಡುತ್ತಿದ್ದಳು. ಒಳಗಿನ ಸೆಕೆಯಲ್ಲಿ ಅಕ್ಕನ ಗತಿಯೇನೆಂಬುದೇ ಅವಳ ಚಿಂತೆ.

"ಬ್ರದರ್ ರೂಡೆಲ್," ಎಂದಳು ಅವಳು ಕೊನೆಗೆ, ತುಟಿ ಅಲುಗಿಸದೆ. "ನೋಡ್ಕೊಂಡು ಹೋಗ್ಲಿ ಬಿಡಿ. ಓಝೆಲ್ಲಾ ನನ್ನ ಬೈದ್ರೆ ಬೈಸ್ಕೋತೀನಿ. ನಿಮ್ಮನ್ನೂ ಅವಳ ಪಕ್ಕ ಮಲಗಿಸ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ. ನಂಗೆ ಈ ಗಾಡಿ ಓಡಿಸೋಕೂ ಬರಲ್ಲ."

"ಓಡ್ಸೋದು ಸುಲಭ," ಎಂದನು ರೂಡೆಲ್. "ಮೆಲ್ಲಗೆ ತಿರುಗಿಸ್ಬೇಕು, ಅಷ್ಟೆ. ಹಿಂದೆ ಮಲಗಿದೋರಿಗೆ ಅವಸರ ಇರಲ್ಲ."

"ತಮಾಷೆ ಬೇಡ."

"ತಮಾಷೆ ಅಲ್ಲ ಮಿಸ್ ವರ್ಲೀನ್. ಈಗ ಹೂಂ ಅಂದ್ರೆ, ಇಷ್ಟೊತ್ತು ಬಿಸಿಲಲ್ಲಿ ಅವರನ್ನ ಬೇಯಿಸಿದ್ದೂ ದಂಡ, ತೋರ್ಸಿದ್ದೂ ದಂಡ. ನಂಗೆ ಇನ್ನೊಂದ್ಸಲ ಬೇಡ ಅನ್ನೋಕೆ ಬರುತ್ತೋ ಇಲ್ವೋ. ಬಂದಾಗ್ಲೇ ಅಂದುಬಿಟ್ಟಿದೀನಿ. ಇರ್ಲಿ."

ಪೊಲೀಸ್ ಮತ್ತೆ ಬಂದನು. ಈ ಸಲ ದನಿ ಮೃದುವಾಗಿತ್ತು. "ನೋಡು, ನಾಯಿ ಬಂದ್ರೆ ಇನ್ನೂ ರಾದ್ಧಾಂತ ಆಗುತ್ತೆ. ನಿನ್ನ ಯಜಮಾನ್ರಿಗೆ ಫೋನ್ ಹೋಗುತ್ತೆ, ಗಾಡಿ ಸ್ಟೇಷನ್ನಿಗೆ ಹೋಗುತ್ತೆ. ಈಗ್ಲೇ ತೆಗ್ದುಕೊಡು, ಹೊರಡು. ಈ ಅಮ್ಮನ ಮುಖ ನೋಡು, ಪಾಪ."

ಬ್ಲೆವಿನ್ಸ್ ಅವರು ಗಾಡಿಯ ಕೀಲಿ ಕೊಡುವಾಗಲೆಲ್ಲ ಹೇಳುತ್ತಿದ್ದ ಮಾತು ಒಂದೇ: ಪೊಲೀಸರ ಜೊತೆ ವಾದ ಬೇಡ, ನನ್ನ ಗಾಡಿ ಅವರ ಅಂಗಳದಲ್ಲಿ ನಿಲ್ಲಬಾರದು. ರೂಡೆಲ್‌ನ ನಾಲಿಗೆಯ ತುದಿಗೆ "ಆಗಲಿ ಸಾರ್" ಬಂದು ನಿಂತಿತು. ಅವನು ಹಲ್ಲು ಕಚ್ಚಿದನು. ಮಾತಿನ ಬದಲು ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದನು.

"ಬಾಯಲ್ಲಿ ಹೇಳು."

"ಒಪ್ಪಿಗೆ ಇಲ್ಲ ಸಾರ್."

ಬಹಳ ಹೊತ್ತಿನ ಮೇಲೆ ಎದುರು ದಿಕ್ಕಿನಿಂದ ಇನ್ನೊಂದು ಪೊಲೀಸ್ ಕಾರು ಬಂದು, ತಿರುಗಿಸಿಕೊಂಡು, ಶವದ ಗಾಡಿಯ ಮುಂದೆ ನಿಂತಿತು. ಅದರಿಂದ ನರೆತ ತಲೆಯ ಹಿರಿಯ ಪೊಲೀಸೊಬ್ಬನು ಇಳಿದು, ನಾಯಿಯನ್ನು ಇಳಿಸಿ ನೀರು ಕುಡಿಸಿದನು. ಅವನ ಕಾರಿನ ದೀಪವೂ ತಿರುಗುತ್ತಲೇ ಇತ್ತು. ಎಳೆಯವನು ಅವನ ಕಿವಿಯಲ್ಲಿ ಏನನ್ನೋ ಹೇಳಿದನು. ನಾಯಿ ಗಾಡಿಯ ಸುತ್ತ ಮೂಸುತ್ತ ಹೊರಟಿತು.

ಅಷ್ಟರಲ್ಲಿ, ಎದುರಿನಿಂದ ಬರುತ್ತಿದ್ದ ಹುಲ್ಲಿನ ಲಾರಿಯೊಂದು ನಿಧಾನವಾಯಿತು. ಅದು ರಸ್ತೆಯ ಅಂಚಿಗೆ ಸರಿದು ನಿಂತಿತು. ಚಾಲಕ, ಒಬ್ಬ ಬಿಳಿಯ ರೈತ, ಕೆಳಗಿಳಿದು ಟೋಪಿ ತೆಗೆದು ಎದೆಗೆ ಹಿಡಿದನು. ಅದರ ಹಿಂದೆ ಬಂದ ಕಾರು ನಿಂತಿತು. ಇತ್ತ ಬದಿಯಲ್ಲಿ, ಎಳೆಯ ಪೊಲೀಸನ ಕಾರಿನ ಹಿಂದೆ, ಎರಡು ಮೂರು ಗಾಡಿಗಳು ಬಂದು ನಿಂತು ಮುಂದೀಪ ಹಚ್ಚಿಕೊಂಡವು.

ಏನಾಗುತ್ತಿದೆಯೆಂದು ಮೊದಲು ಅರ್ಥವಾದದ್ದು ರೂಡೆಲ್‌ಗೇ. ಆ ಸೀಮೆಯಲ್ಲಿ ಶವದ ಮೆರವಣಿಗೆ ಎದುರಾದರೆ ಎಂಥವನೂ ಗಾಡಿ ನಿಲ್ಲಿಸುತ್ತಾನೆ. ಸತ್ತವರು ಯಾರೆಂದು ಕೇಳುವುದಿಲ್ಲ. ಮುಂದೆ ದೀಪ ತಿರುಗಿಸುವ ಪೊಲೀಸ್ ಕಾರು, ನಡುವೆ ದೀಪ ಹಚ್ಚಿದ ಶವದ ಗಾಡಿ, ಹಿಂದೆ ಇನ್ನೊಂದು ಪೊಲೀಸ್ ಕಾರು. ದೂರದಿಂದ ನೋಡಿದವರಿಗೆ, ಯಾರೋ ದೊಡ್ಡ ಮನುಷ್ಯರು ಪೊಲೀಸ್ ಗೌರವದಲ್ಲಿ ಮಣ್ಣಿಗೆ ಹೊರಟಿದ್ದಾರೆ.

ನಿಂತವರು ಹೊರಡಲಿಲ್ಲ. ಶವದ ಗಾಡಿ ಹೊರಡದೆ ಅವರು ಹೊರಡುವಂತಿರಲಿಲ್ಲ. ಸಾಲು ಬೆಳೆಯಿತು. ಒಬ್ಬ ಹೆಂಗಸು ಕಾರಿನಿಂದ ಇಳಿದು ತಲೆ ತಗ್ಗಿಸಿ ನಿಂತಳು. ಲಾರಿಯ ರೈತ ರಸ್ತೆಯ ಆಚೆಯಿಂದಲೇ ಹಿರಿಯ ಪೊಲೀಸನನ್ನು ಕೇಳಿದನು.

"ಯಾರು ತೀರ್ಕೊಂಡ್ರು ಸಾರ್ಜೆಂಟ್?"

ಹಿರಿಯ ಪೊಲೀಸ್ ವರ್ಲೀನಳ ಕಡೆ ನೋಡಿದನು.

"ಮಿಸ್ ಓಝೆಲ್ಲಾ ಟಾರ್ವರ್," ಎಂದಳು ವರ್ಲೀನ್, ಆಚೆ ಬದಿಯವರೆಗೂ ಕೇಳುವ ಹಾಗೆ. "ಕೇನ್ ಬೆಂಡ್‌ನೋರು. ಮನೆಗೆ ಕರ್ಕೊಂಡ್ ಹೋಗ್ತಿದೀವಿ."

"ದೇವ್ರು ಶಾಂತಿ ಕೊಡ್ಲಿ ತಾಯಿ," ಎಂದನು ರೈತ.

ನಾಯಿ ಎಲ್ಲಿಯೂ ನಿಲ್ಲದೆ, ಬೊಗಳದೆ ಸುತ್ತು ಮುಗಿಸಿ ಬಂದು, ಹಿರಿಯವನ ಕಾಲ ಬಳಿ ನೆರಳಿನಲ್ಲಿ ಮಲಗಿ ನಾಲಿಗೆ ಚಾಚಿತು. ಎಳೆಯವನು ತಗ್ಗಿದ ದನಿಯಲ್ಲಿ, "ಬಾಗ್ಲು ಅವನೇ ತೆಗ್ದಿದ್ದ. ಒಪ್ಪಿದ ಹಾಗೇ ಅಲ್ವಾ? ಪೆಟ್ಟಿಗೆ ಒಂದು ತೆಗ್ದುಬಿಡೋಣ," ಎಂದನು.

"ಇಷ್ಟು ಜನರ ಮುಂದೆ?" ಎಂದನು ಹಿರಿಯವನು. ನಿಂತ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದನು. ಅವರೆದುರು ಪೆಟ್ಟಿಗೆ ತೆಗೆಯುವುದು ಅವನಿಗೆ ಇಷ್ಟವಾದಂತೆ ಕಾಣಲಿಲ್ಲ. ಆಮೇಲೆ ರೂಡೆಲ್‌ನ ಕಡೆ ತಿರುಗಿ, "ನೀವು ಈಗ್ಲೂ ಬೇಡ ಅಂತೀರಾ?" ಎಂದು ಕೇಳಿದನು.

"ಈಗ್ಲೂ ಬೇಡ ಸಾರ್."

ಹಿರಿಯವನು ತನ್ನ ಟೋಪಿ ತೆಗೆದನು. "ಟೋಪಿ ತೆಗಿಯೋ," ಎಂದು ಎಳೆಯವನನ್ನು ಗದರಿಸಿದನು. ಗಾಡಿಯ ಛಾವಣಿಯ ಮೇಲಿದ್ದ ಕೀಲಿಯನ್ನು ತಾನೇ ತೆಗೆದು ರೂಡೆಲ್‌ನ ಕೈಗಿತ್ತನು. ಕ್ಷಮೆ ಕೇಳಲಿಲ್ಲ. "ಹೊರಡಿ. ಜನ ಕಾಯ್ತಿದಾರೆ," ಎಂದನು ಅಷ್ಟೆ.

ರೂಡೆಲ್ ಹಿಂದಿನ ಬಾಗಿಲನ್ನು ಮುಚ್ಚಿದನು. ಮುಂದೆ ಬಂದು ಕುಳಿತಾಗ ಕೀಲಿ ತೂತಿಗೆ ಸೇರಲಿಲ್ಲ. ವರ್ಲೀನ್ ಡಬ್ಬಿಯನ್ನು ಕೆಳಗಿಟ್ಟು, ಅವನ ಕೈ ಹಿಡಿದು ಕೀಲಿಯನ್ನು ತಿರುಗಿಸಿದಳು. ಟೋಪಿ ತೆಗೆದು ನಿಂತವರ ನಡುವೆ ಗಾಡಿ ನಿಧಾನವಾಗಿ ಸಾಗಿತು.

ಆ ಸಂಜೆ ಮುಖದರ್ಶನ ತಡವಾಯಿತು. ಚರ್ಚಿನಲ್ಲಿ ಜನರು ಬೀಸಣಿಗೆ ಬೀಸಿಕೊಳ್ಳುತ್ತ ಹಾಡಿದ್ದನ್ನೇ ಹಾಡುತ್ತಿದ್ದರು. ವರ್ಲೀನ್ ಅಂಗಡಿಯ ಬಾಗಿಲು ಹಾಕಿಕೊಂಡು ತನ್ನ ಕೆಲಸ ಮುಗಿಸುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಕೊನೆಗೆ ಚರ್ಚಿನಲ್ಲಿ ಮುಚ್ಚಳ ತೆರೆದಾಗ, ಮುಂದಿನ ಸಾಲಿನ ಮುದುಕಿ ಹ್ಯಾಟಿ, "ಅಯ್ಯೋ, ಷಿಕಾಗೊಗೆ ಹೋದ ದಿನ ಇದ್ದ ಹಾಗೇ ಇದಾಳಲ್ಲ ಈ ಹುಡುಗಿ," ಎಂದಳು. ರೂಡೆಲ್ ಹಿಂದಿನ ಬಾಗಿಲಲ್ಲಿ ನಿಂತಿದ್ದನು. ಅವನು ಮುಂದೆ ಬಂದು ನೋಡಲಿಲ್ಲ.

ಬ್ಲೆವಿನ್ಸ್ ಅವರು ಮರುದಿನ ಅವನನ್ನು ಕರೆದು ಸರಿಯಾಗಿ ಬೈದರು. ಗಾಡಿ ಕಳೆದುಕೊಂಡಿದ್ದರೆ ಏನು ಗತಿ ಎಂದರು. ರೂಡೆಲ್ ಎಲ್ಲಕ್ಕೂ, "ಹೌದು ಸಾರ್, ಆಗಲಿ ಸಾರ್," ಎಂದನು. ಆ ಒಂದು ಮಧ್ಯಾಹ್ನದಿಂದ ಅವನೇನೂ ಗಂಡೆದೆಯ ಮನುಷ್ಯನಾಗಲಿಲ್ಲ. ಅಂಗಡಿಯಲ್ಲಿ ಹಳಸಿದ ಬ್ರೆಡ್ಡು ಕೊಟ್ಟರೂ ತೆಗೆದುಕೊಂಡು ಬರುತ್ತಿದ್ದನು. ಎಷ್ಟೋ ದಿನ ಊಟದ ಚಮಚ ಅವನ ಕೈಯಲ್ಲಿ ತಟ್ಟೆಗೆ ಬಡಿಯುತ್ತಿತ್ತೆಂದು ಅವನ ಹೆಂಡತಿ ಹೇಳುತ್ತಿದ್ದಳು. ರಸ್ತೆಯಲ್ಲಿ ಮಾತ್ರ, ಪೆಟ್ಟಿಗೆಯಲ್ಲಿ ಯಾರಾದರೂ ಇದ್ದಾಗ, ಆ ಒಂದು ಮಾತನ್ನು ಅವನು ಮತ್ತೆ ಮತ್ತೆ ಹೇಳಿದನು. ಒಮ್ಮೆ ಕೈಗೆ ಬೇಡಿ ಹಾಕಿ ಕೂರಿಸಿದ್ದರು. ಆಗಲೂ ಹೇಳಿದನು. ವರ್ಲೀನ್ ಆ ಮಧ್ಯಾಹ್ನದ ಸಂಗತಿಯನ್ನು ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳಿದಳು. ಕೂದಲ ಅಂಗಡಿಯಲ್ಲಿ ಹೇಳಿದ ಮಾತು ಷಿಕಾಗೊ ಮುಟ್ಟಲು ಹೆಚ್ಚು ದಿನ ಬೇಡ.

ಈಗ ರೂಡೆಲ್‌ಗೆ ಎಂಬತ್ತು ಸಮೀಪಿಸಿದೆ. ಒಂದು ಕಣ್ಣಿಗೆ ಪೊರೆ, ಗಾಡಿ ಓಡಿಸುವಂತಿಲ್ಲ. ಬ್ಲೆವಿನ್ಸರ ಮಗಳು ವ್ಯವಹಾರ ನಡೆಸುತ್ತಾಳೆ. ಉತ್ತರದ ಊರುಗಳಿಂದ ಯಾರಾದರೂ ತೀರಿಕೊಂಡರೆಂದು ಫೋನ್ ಬಂದಾಗ, ಪೆಟ್ಟಿಗೆಯ ಮಾತು, ಹೂವಿನ ಮಾತು ಮುಗಿದ ಮೇಲೆ ಮನೆಯವರು ಇನ್ನೊಂದು ಕೇಳುತ್ತಾರೆ: "ಪೆಟ್ಟಿಗೆ ತೆಗೆಯೋಕೆ ಬಿಡದೇ ಇದ್ದ ಆ ಹಿರಿಯರು ಬರ್ತಾರಾ?" ಆದುದರಿಂದ ಅವನನ್ನು ಚಾಲಕನ ಪಕ್ಕದ ಸೀಟಿನಲ್ಲಿ ಕೂರಿಸಿ ಕಳುಹಿಸುತ್ತಾರೆ. ಬೇಯಿಸಿದ ಕಡಲೆಕಾಯಿಯ ಪೊಟ್ಟಣವೊಂದು, ಬೆನ್ನಿಗೆ ದಿಂಬೊಂದು ಅವನ ಸಾಮಾನು. ದಾರಿಯಲ್ಲಿ ಯಾರಾದರೂ ನಿಲ್ಲಿಸಿದರೆ, ಅವನು ಕಿಟಕಿಯಿಂದ ಎರಡು ಕೈಗಳನ್ನೂ ಹೊರಗಿಟ್ಟು ಕಾಯುತ್ತಾನೆ.

ಈ ವಾರ ಡೆಟ್ರಾಯಿಟ್‌ಗೆ ಹೋಗಿದ್ದಾನೆ. ನಮ್ಮ ಶಾಲೆಯಲ್ಲೇ ಓದಿದ ಹೆಣ್ಣುಮಗಳೊಬ್ಬಳು ಅಲ್ಲಿ ತೀರಿಕೊಂಡಿದ್ದಾಳೆ. ನಿನ್ನೆ ಅಲ್ಲಿಂದ ಅವಳ ತಾಯಿಗೆ ಫೋನ್ ಮಾಡಿ, "ಅವಳನ್ನ ಕಂಡೆ ತಾಯಿ, ಮುಚ್ಚಳ ಹಾಕಿದಾರೆ. ಬೆಳಗ್ಗೆ ಹೊರಡ್ತೀವಿ. ಇನ್ನು ನೀವು ತೆಗೆಯೋವರ್ಗೂ ಯಾರೂ ತೆಗೆಯಲ್ಲ," ಎಂದು ಹೇಳಿದನಂತೆ.